ಒಂಬತ್ತು ಕಾಗದ, ಒಂದು ಟಿಪ್ಪಣಿ, ಒಂದು ಪತ್ರ: ಗುಮಾಸ್ತರ ಕೆಲಸವನ್ನು ನಾನು ಪರೀಕ್ಷಿಸುವ ಬಗೆ

ಲೋಕಸೇವಾ ಆಯೋಗದ ಇಲಾಖಾ ಪರೀಕ್ಷೆಯಲ್ಲಿ ಅಕೌಂಟ್ಸ್ ಹೈಯರ್ ಪಾಸಾದವರಿಗೂ ನಗದು ಪುಸ್ತಕದ ಮುಂದೆ ಕೂತಾಗ ಕೈ ತಡೆಯುವುದುಂಟು. ಸರ್ಕಾರಿ ಹಣದ ನಿಯಮಗಳಿರುವ 1958ರ ಆರ್ಥಿಕ ಸಂಹಿತೆಯಲ್ಲಿ ಏನಿದೆ ಎಂದು ಹೇಳಬಲ್ಲವರು, ಎದುರಿಗಿರುವ ಬಿಲ್ಲಿನಲ್ಲಿ ಏನಿದೆ ಎಂದು ಓದದೆ ಬಿಡುತ್ತಾರೆ. ಅದಕ್ಕೇ ಹೊಸದಾಗಿ ಬಂದ ಎಫ್‌ಡಿಎ, ಎಸ್‌ಡಿಎಗಳಿಗೆ (ಪ್ರಥಮ, ದ್ವಿತೀಯ ದರ್ಜೆ ಸಹಾಯಕರಿಗೆ) ನಾನು ಕೊಡುವ ಪರೀಕ್ಷೆಯಲ್ಲಿ "ವ್ಯಾಖ್ಯಾನಿಸಿ" ಎಂಬ ಪ್ರಶ್ನೆಯೇ ಇರುವುದಿಲ್ಲ. ಎರಡೂವರೆ ಗಂಟೆ ಸಮಯ, ಒಂದು ಕಾಗದದ ಕಟ್ಟು, ಖಾಲಿ ನಗದು ಪುಸ್ತಕದ ಹಾಳೆ, ಟಿಪ್ಪಣಿ ಹಾಳೆ. ಸಂಹಿತೆ, ಕ್ಯಾಲ್ಕುಲೇಟರ್ ಎರಡನ್ನೂ ಇಟ್ಟುಕೊಳ್ಳಬಹುದು. ಅಂಕ ನೂರು: ನಗದು ಪುಸ್ತಕಕ್ಕೆ 40, ಬ್ಯಾಂಕ್ ಹೊಂದಾಣಿಕೆಗೆ (ನಮ್ಮ ಪುಸ್ತಕವನ್ನು ಪಾಸ್‌ಬುಕ್ಕಿನೊಂದಿಗೆ ತಾಳೆ ನೋಡುವುದಕ್ಕೆ) 15, ಟಿಪ್ಪಣಿಗೆ 20, ಪತ್ರಕ್ಕೆ 25.

ರಾಜ್ಯ ಖಜಾನೆಯ ಗಣಕ ವ್ಯವಸ್ಥೆಯಾದ ಖಜಾನೆ-2 ಬಂದ ಮೇಲೆ ಹೆಚ್ಚಿನ ಬಿಲ್ಲುಗಳ ಹಣ ನೇರವಾಗಿ ಪಡೆಯುವವರ ಖಾತೆಗೇ ಹೋಗುತ್ತದೆ, ನಿಜ. ಆದರೂ ಪರೀಕ್ಷೆಗೆ ನಗದು, ಬ್ಯಾಂಕ್ ಎಂಬ ಎರಡು ಕಲಂ ಇರುವ ಪುಸ್ತಕವನ್ನೇ ಕೊಡುತ್ತೇನೆ. ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬ ತಿಳಿವಳಿಕೆ ಅಲ್ಲಿ ಬಯಲಾಗುವಷ್ಟು ಪರದೆಯ ಮೇಲೆ ಬಯಲಾಗದು.

ಕಟ್ಟಿನಲ್ಲಿ ಒಂಬತ್ತು ಕಾಗದ ಇರುತ್ತವೆ. ಆರಂಭ ಶಿಲ್ಕು, ಅಂದರೆ ಮೊದಲೇ ಉಳಿದಿರುವ ಹಣ, ನಗದು ₹3,460, ಬ್ಯಾಂಕ್ ₹1,18,200. ಶುಲ್ಕ ವಸೂಲಿ ರಸೀದಿ 41ರಿಂದ 45, ಒಟ್ಟು ₹1,250. ನಗದಿಗಾಗಿ ಡ್ರಾ ಮಾಡಿದ ಚೆಕ್ಕು ₹5,000. ಲೇಖನ ಸಾಮಗ್ರಿ ನಗದು ಬಿಲ್ಲು ₹2,950. ಅಂದರೆ ₹2,500ಕ್ಕೆ ಶೇ. 18 ಜಿಎಸ್‌ಟಿ ₹450. ಶುಲ್ಕವನ್ನು ಖಜಾನೆಗೆ ಕಟ್ಟಿದ ಚಲನ್ ₹1,250. ವಿದ್ಯುತ್ ಬಿಲ್ಲಿಗೆ ಚೆಕ್ಕು ₹9,640, ಕಂಪ್ಯೂಟರ್ ದುರಸ್ತಿಗೆ ಚೆಕ್ಕು ₹18,500. ಉಳಿದ ಮೂರು ಬಿಲ್ಲುಗಳಲ್ಲಿ ದೋಷ ಇಟ್ಟಿರುತ್ತೇನೆ. ಒಂದರಲ್ಲಿ ಅಂಕಿಗೂ ಅಕ್ಷರಕ್ಕೂ ತಾಳೆಯಿಲ್ಲ. ಇನ್ನೊಂದರಲ್ಲಿ "ದಾಸ್ತಾನು ವಹಿಯ ಇಂಥ ಪುಟದಲ್ಲಿ ದಾಖಲಿಸಿದೆ" ಎಂಬ ದೃಢೀಕರಣವಿಲ್ಲ. ಮೂರನೆಯದರಲ್ಲಿ ಮಂಜೂರಾತಿ ಆದೇಶದ ದಿನಾಂಕ ಬಿಲ್ಲಿನ ದಿನಾಂಕಕ್ಕಿಂತ ನಾಲ್ಕು ದಿನ ಈಚಿನದು; ಘಟನೋತ್ತರ ಅನುಮೋದನೆ (ಆಮೇಲೆ ಕೊಡುವ ಒಪ್ಪಿಗೆ) ಇಲ್ಲದೆ ಅದು ಪಾವತಿಗೆ ಬರಲಾರದು. ಈ ಮೂರನ್ನೂ ಬದಿಗಿಟ್ಟು ಆಕ್ಷೇಪಣೆ ಬರೆಯಬೇಕು. ಪುಸ್ತಕಕ್ಕೆ ಏರಿಸಿದರೆ ಒಂದೊಂದಕ್ಕೆ ಐದು ಅಂಕ ಕಡಿತ.

ಸರಿಯಾಗಿ ಬರೆದರೆ ನಗದು ಆಖೈರು (ಕೊನೆಯ) ಶಿಲ್ಕು ₹5,510, ಬ್ಯಾಂಕ್ ₹85,060.

ಹೆಚ್ಚು ಜನ ಎಡವುವುದು ₹5,000ದ ಚೆಕ್ಕಿನಲ್ಲಿ. ಅದು ಕಾಂಟ್ರಾ ನಮೂದು. ಸ್ವೀಕೃತಿ ಬದಿಯ ನಗದು ಕಲಂನಲ್ಲೂ ಬರಬೇಕು, ಪಾವತಿ ಬದಿಯ ಬ್ಯಾಂಕ್ ಕಲಂನಲ್ಲೂ ಬರಬೇಕು. ನಗದು ಬದಿ ಮಾತ್ರ ಬರೆದವರ ಬ್ಯಾಂಕ್ ಶಿಲ್ಕು ₹90,060 ಎಂದು ತೋರಿಸುತ್ತದೆ. ಎರಡನೆಯ ತಪ್ಪು ಇದಕ್ಕಿಂತ ಗಂಭೀರ: ವಸೂಲಾದ ಶುಲ್ಕ ₹1,250ನ್ನೇ ಲೇಖನ ಸಾಮಗ್ರಿಗೆ ಖರ್ಚು ಮಾಡಿದಂತೆ ಬರೆದು ಚಲನ್ ಕಾಗದವನ್ನು ಬಿಟ್ಟುಬಿಡುವುದು. ಸರ್ಕಾರಕ್ಕೆ ಬಂದ ಹಣ ಮೊದಲು ಖಜಾನೆಗೆ ಹೋಗಬೇಕು. ವಸೂಲಿಯಿಂದ ನೇರವಾಗಿ ಖರ್ಚು ಮಾಡುವಂತಿಲ್ಲ. ಇಲ್ಲಿ ತಪ್ಪಿದವರಿಗೆ ಕೂಡಿಕೆ ಸರಿ ಬಂದಿದ್ದರೂ ನಾನು ಅರ್ಧಕ್ಕಿಂತ ಹೆಚ್ಚು ಅಂಕ ಕೊಡುವುದಿಲ್ಲ.

ತಪ್ಪಾದ ಅಂಕಿಯನ್ನು ಹೇಗೆ ತಿದ್ದುತ್ತಾರೆ ಎಂಬುದನ್ನೂ ನೋಡುತ್ತೇನೆ. ವೈಟ್ನರ್ ಹಚ್ಚಿದರೆ, ಬ್ಲೇಡಿನಿಂದ ಕೆರೆದರೆ ಆ ನಮೂದಿಗೆ ಸೊನ್ನೆ. ಹಳೆಯ ಅಂಕಿ ಓದಲು ಬರುವಂತೆ ಕೆಂಪು ಶಾಯಿಯಲ್ಲಿ ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಅಧಿಕಾರಿಯ ದಿನಾಂಕಸಹಿತ ಕಿರುಸಹಿಗೆ ಜಾಗ ಬಿಡಬೇಕು.

ಹೊಂದಾಣಿಕೆಗೆ ಕೊಡುವ ಪಾಸ್‌ಬುಕ್ ಪುಟದಲ್ಲಿ ಶಿಲ್ಕು ₹1,03,442 ಎಂದಿರುತ್ತದೆ. ದುರಸ್ತಿಯವನ ಚೆಕ್ಕು ₹18,500 ಇನ್ನೂ ಬ್ಯಾಂಕಿಗೆ ಬಂದಿಲ್ಲ. ಬ್ಯಾಂಕು ಶುಲ್ಕವೆಂದು ₹118 ಕಳೆದಿದೆ, ಅದು ನಮ್ಮ ಪುಸ್ತಕದಲ್ಲಿಲ್ಲ. ಪಾಸ್‌ಬುಕ್ಕಿನಿಂದ ₹18,500 ಕಳೆದರೂ, ನಗದು ಪುಸ್ತಕದಿಂದ ₹118 ಕಳೆದರೂ ₹84,942 ಬರಬೇಕು. ಬಾರದಿದ್ದರೆ ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡಲು ಹೇಳುತ್ತೇನೆ. ₹9,640ನ್ನು ₹9,460 ಎಂದು ಬರೆದಿದ್ದರೆ ವ್ಯತ್ಯಾಸ ₹180. ಶೇಷವಿಲ್ಲದೆ ಭಾಗವಾದರೆ ಅಂಕಿ ಅದಲುಬದಲಾಗಿರಬಹುದೆಂದು ಮೊದಲು ಅದನ್ನೇ ಹುಡುಕಬೇಕು. ಆಗಲೂ ಸಿಗದಿದ್ದರೆ ವ್ಯತ್ಯಾಸದ ಅರ್ಧದಷ್ಟಿರುವ ನಮೂದನ್ನು ಹುಡುಕಿ. ಅದು ತಪ್ಪು ಬದಿಗೆ ಹೋಗಿರಬಹುದು.

ಪತ್ರದ ಭಾಗವನ್ನೂ ಇದೇ ವಿದ್ಯುತ್ ಬಿಲ್ಲಿಗೆ ಜೋಡಿಸುತ್ತೇನೆ. ಕಡತದಲ್ಲಿ ನಂತರದ ಎರಡು ತಿಂಗಳ ಪಾವತಿಯಾಗದ ಬಿಲ್ಲುಗಳಿರುತ್ತವೆ. ಮೊದಲನೆಯದು ₹9,120. ಎರಡನೆಯದರ ಒಟ್ಟು ₹19,500. ಅದರಲ್ಲಿ ಈ ತಿಂಗಳದ್ದು ₹10,380, ಹಿಂದಿನ ಬಾಕಿ ₹9,120. ಬಡ್ಡಿಯನ್ನು ಲೆಕ್ಕ ಸರಳವಾಗಲೆಂದು ಬಿಟ್ಟಿರುತ್ತೇನೆ. ಎರಡೂ ಬಿಲ್ಲನ್ನು ಕೂಡಿ ₹28,620 ಕೇಳುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಎರಡನೆಯ ಬಿಲ್ಲಿನಲ್ಲೇ ಮೊದಲನೆಯದು ಸೇರಿರುವುದರಿಂದ ನಿಜವಾದ ಬಾಕಿ ₹19,500 ಮಾತ್ರ. ವಿದ್ಯುತ್ ವೆಚ್ಚದ ಲೆಕ್ಕ ಶೀರ್ಷಿಕೆಯಲ್ಲಿ ₹6,000 ಅನುದಾನ ಉಳಿದಿದೆ ಎಂಬ ಕಾಗದವೂ ಕಡತದಲ್ಲೇ ಇದೆ. ಆದ್ದರಿಂದ ಮೇಲಿನ ಕಚೇರಿಯಿಂದ ಕೇಳಬೇಕಾದದ್ದು ₹13,500. ಕಡತವನ್ನು ಕೊನೆಯವರೆಗೆ ಓದಿದವರಿಗೆ ಮಾತ್ರ ಈ ಅಂಕಿ ಸಿಗುತ್ತದೆ.

ಟಿಪ್ಪಣಿಯ ಕಂಡಿಕೆಗಳಿಗೆ ಸಂಖ್ಯೆ ಹಾಕಿರಬೇಕು: ಬಂದಿರುವುದೇನು, ಬಾಕಿ ಎಷ್ಟು, ಅನುದಾನ ಎಷ್ಟಿದೆ, ಪ್ರಸ್ತಾವ ಏನು. "ಮುಂದಿನ ಸೂಕ್ತ ಕ್ರಮಕ್ಕಾಗಿ ಮಂಡಿಸಿದೆ" ಎಂದು ಮುಗಿಸಿದರೆ ಅಧಿಕಾರಿ ಇಡೀ ಕಡತ ಮತ್ತೆ ಓದಬೇಕಾಗುತ್ತದೆ. "₹13,500 ಹೆಚ್ಚುವರಿ ಅನುದಾನ ಕೋರಿ ಜಿಲ್ಲಾ ಕಚೇರಿಗೆ ಪತ್ರ ಬರೆಯಬಹುದು, ಕರಡು ಪತ್ರ ಅನುಮೋದನೆಗಾಗಿ ಮಂಡಿಸಿದೆ" ಎಂದು ಬರೆದವರಿಗೆ ಪೂರ್ಣ ಅಂಕ.

ಪತ್ರದಲ್ಲಿ ನಾನು ಮೊದಲು ಓದುವುದು ವಿಷಯದ ಸಾಲು. "ಅನುದಾನದ ಬಗ್ಗೆ" ಎಂದಿದ್ದರೆ ಯಾವ ಶಾಖೆಯ ಟಪಾಲೂ ಆಗಬಹುದು. "ಬಾಕಿ ವಿದ್ಯುತ್ ಬಿಲ್ ಪಾವತಿಗೆ ₹13,500 ಹೆಚ್ಚುವರಿ ಅನುದಾನ ಬಿಡುಗಡೆ ಮಾಡುವ ಕುರಿತು" ಎಂದಿದ್ದರೆ ಸ್ವೀಕೃತಿ ವಹಿ ಬರೆಯುವವರೇ ಸರಿಯಾದ ಮೇಜಿಗೆ ಕಳಿಸುತ್ತಾರೆ. ಉಲ್ಲೇಖದಲ್ಲಿ ಪತ್ರ ಸಂಖ್ಯೆ, ದಿನಾಂಕ ಎರಡೂ ಇರಬೇಕು. ಕ್ರಿಯಾಪದಕ್ಕೆ ಮೂರು ಅಂಕ ಇಟ್ಟಿದ್ದೇನೆ: ಮೇಲಿನ ಕಚೇರಿಗೆ "ಕೋರಿದೆ", ಅಧೀನ ಕಚೇರಿಗೆ "ಸೂಚಿಸಿದೆ", ಅರ್ಜಿದಾರರಿಗೆ ಕೊಡುವ ಹಿಂಬರಹದಲ್ಲಿ "ತಿಳಿಸಿದೆ". ಜಿಲ್ಲಾಧಿಕಾರಿಗೆ "ಸೂಚಿಸಿದೆ" ಎಂದು ಬರೆದ ಕರಡುಗಳು ಬರುತ್ತಲೇ ಇರುತ್ತವೆ; ಹಳೆಯ ಪತ್ರದ ಫೈಲನ್ನು ನಕಲು ಮಾಡಿ ಹೆಸರಷ್ಟೇ ಬದಲಿಸಿದ್ದರ ಫಲ ಅದು. ಅದೇ ಕಾರಣಕ್ಕೆ ಕರಡನ್ನು ಕೈಯಲ್ಲೇ ಬರೆಸಿ, ಅನುಮೋದನೆಯಾದ ಮೇಲೆ ಯೂನಿಕೋಡಿನಲ್ಲಿ ಟೈಪ್ ಮಾಡಿಸುತ್ತೇನೆ. ಅಡಕ ಪಟ್ಟಿಯಲ್ಲಿ ಎರಡು ಬಿಲ್ಲಿನ ಪ್ರತಿ ಮತ್ತು ಅನುದಾನದ ತಖ್ತೆ (ಪಟ್ಟಿ) ನಮೂದಾಗಿರಬೇಕು. ಇಲ್ಲದಿದ್ದರೆ ಅವುಗಳನ್ನೇ ಕೇಳಿಕೊಂಡು ಪತ್ರ ವಾಪಸು ಬರುತ್ತದೆ.

ಮೌಲ್ಯಮಾಪನ ಮುಗಿದ ಮೇಲೆ ಅಂಕಪಟ್ಟಿಯ ಜೊತೆ ಉತ್ತರದ ಹಾಳೆಯನ್ನೂ ಕೊಟ್ಟುಬಿಡುತ್ತೇನೆ. ಕೂಡಿಕೆಯಲ್ಲಿ ತಪ್ಪಿದವರಿಗೆ ಹದಿನೈದು ದಿನ ಪ್ರತಿ ಸಂಜೆ ಪುಸ್ತಕ ಮುಚ್ಚುವ ಕೆಲಸ. ಕಡತ ಓದದೆ ತಪ್ಪಿದವರಿಗೆ ಮೂರು ಹಳೆಯ ಕಡತಗಳ ಸಾರಾಂಶ ಟಿಪ್ಪಣಿ ಬರೆಯುವ ಕೆಲಸ. ಎರಡನೇ ಸಲ ಪರೀಕ್ಷೆ ಕೊಡುವಾಗ ಅಂಕಿಗಳನ್ನೆಲ್ಲ ಬದಲಿಸಿರುತ್ತೇನೆ, ದೋಷಗಳ ಜಾಗವನ್ನೂ.