ಊರಿನ ಕ್ರಿಯಾ ಯೋಜನೆ: ಮೊದಲು ನೆಲದ ಮೇಲೆ ನಕ್ಷೆ ಬರೆಯಿರಿ

ಗ್ರಾಮ ಸಭೆಯಲ್ಲಿ ಎದ್ದು ನಿಂತು ‘ನಮ್ಮ ಬೀದಿಗೆ ಚರಂಡಿ ಮಾಡಿ’ ಎಂದು ಕೂಗಿದರೆ ಸುಮ್ನೆ ಗದ್ದಲವಾಗುತ್ತದೆ. ಊರವರು ಮೊದಲೇ ಕೂತು ಏನು, ಎಲ್ಲಿ, ಯಾರಿಗೆ ಎಂದು ತೀರ್ಮಾನಿಸಿಕೊಂಡು ಹೋದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕೂಡ ಪೆನ್ನು ತೆಗೆಯುತ್ತಾರೆ.

ಗ್ರಾಮ ಪಂಚಾಯಿತಿಯ ಮುಂದಿನ ವರ್ಷದ ಯೋಜನೆ ತಯಾರಿಸಲು ಕೇಂದ್ರ ಸರ್ಕಾರ 2018ರಲ್ಲಿ ಶುರು ಮಾಡಿದ ‘ಸಬ್ ಕೀ ಯೋಜನಾ, ಸಬ್ ಕಾ ವಿಕಾಸ್’ ಅಭಿಯಾನ ಸಾಮಾನ್ಯವಾಗಿ ಪ್ರತಿ ವರ್ಷ ಅಕ್ಟೋಬರ್ 2ರಿಂದ ನಡೆಯುತ್ತದೆ. ಹಾಗಾಗಿ ಸೆಪ್ಟೆಂಬರ್‌ನಲ್ಲೇ ಕೂರಿ. ದೇವಸ್ಥಾನದ ಜಗಲಿ ಬೇಡ, ಅಲ್ಲಿಗೆ ಎಲ್ಲ ಕೇರಿಯವರೂ ಬರುವುದಿಲ್ಲ. ಅಂಗನವಾಡಿಯ ಅಂಗಳ ಒಳ್ಳೆಯದು. ಎತ್ತು ಹೂಡದ ಸೋಮವಾರ, ಡೇರಿಗೆ ಹಾಲು ಹಾಕಿದ ಮೇಲೆ ಸೇರಿ.

ಎಲ್ಲರೂ ಕೆಡಿಸುವುದು ನಕ್ಷೆಯನ್ನು. ಚಾರ್ಟ್ ಹಾಳೆ, ಮಾರ್ಕರ್ ತಂದರೆ ಅದು ನೇರ ಮೇಷ್ಟ್ರ ಕೈಗೋ ಮೆಂಬರ್ ಕೈಗೋ ಹೋಗುತ್ತದೆ. ಉಳಿದವರು ಕೈಕಟ್ಟಿ ನೋಡುತ್ತಾರೆ. ನೆಲ ಗುಡಿಸಿ, ರಂಗೋಲಿ ಪುಡಿ ಇಡಿ. ಆಗ ಹೆಂಗಸರೇ ಮುಂದೆ ಬರುತ್ತಾರೆ. ಪುಡಿ ತರಿತರಿಯಾಗಿರಲಿ, ಪ್ಯಾಕೆಟ್ಟಿನ ನುಣ್ಣನೆ ಬಣ್ಣದ ಪುಡಿ ಅರ್ಧ ಗಂಟೆಯಲ್ಲಿ ಗಾಳಿಗೆ ಹಾರಿಹೋಗುತ್ತದೆ. ಮೊದಲು ನೀರಿನ ಟ್ಯಾಂಕ್, ಆಮೇಲೆ ರಸ್ತೆ, ಆಮೇಲೆ ಒಂದೊಂದೇ ಮನೆ. ಊರಾಚೆಯ ಕಾಲೊನಿಯನ್ನೋ ತಾಂಡಾವನ್ನೋ ಒಂದು ಸೊನ್ನೆ ಸುತ್ತಿ ಮುಗಿಸುತ್ತಾರೆ, ಬಿಡಬೇಡಿ. ಅಲ್ಲಿಯವರ ಕೈಗೇ ಪುಡಿ ಕೊಟ್ಟು ಪ್ರತಿ ಮನೆ ಹಾಕಿಸಿ. ಜಗಳ ಆಗುತ್ತೆ, ಅಳಿಸಿ ಮತ್ತೆ ಬರೆಯುತ್ತಾರೆ. ಆಗಲಿ, ಮಾಹಿತಿ ಹೊರಬರುವುದೇ ಆಗ.

ವಾಟರ್‌ಮನ್ ಇರಲೇಬೇಕು. ಯಾವ ವಾಲ್ವ್ ತಿರುಗಿಸಿದರೆ ಯಾವ ಬೀದಿ ಒಣಗುತ್ತದೆ ಎಂಬುದು ಅವರಿಗೇ ಗೊತ್ತು. ನೀರು ಬಾರದ ಮನೆಗೆ ಹುಣಸೆಬೀಜ, ಶೌಚಾಲಯ ಇಲ್ಲದ ಮನೆಗೆ ಅವರೆಕಾಳು ಇಡಿ. ಮೊಬೈಲ್ ಮ್ಯಾಪ್ ತೋರಿಸಿ ‘ಇದೇ ಸಾಕು’ ಎನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ಅದರಲ್ಲಿ ಮನೆಯ ಚಾವಣಿ ಕಾಣುತ್ತದೆ, ಖಾಲಿ ಕೊಡ ಕಾಣುವುದಿಲ್ಲ. ಮುಗಿದ ಕೂಡಲೇ ಮಾಳಿಗೆ ಹತ್ತಿ ಫೋಟೊ ತೆಗೆದು, ಹಾಳೆಗೆ ಇಳಿಸಿ. ತಡ ಮಾಡಿದರೆ ಮೇಕೆಗಳು ಬಂದು ಕಾಳು ತಿನ್ನುತ್ತವೆ.

ಅದೇ ದಿನ ಊರು ಸುತ್ತಿ. ರಂಗೋಲಿಯಲ್ಲಿ ಇಳಿಜಾರು ಕಾಣಲ್ಲ. ಚರಂಡಿಯ ನೀರು ಕೊನೆಗೆ ಎಲ್ಲಿಗೆ ಸೇರುತ್ತದೆ ಎಂದು ನಡೆದೇ ನೋಡಬೇಕು. ಇಲ್ಲದಿದ್ದರೆ ಮೇಲಿನ ಬೀದಿಯ ಕೊಳಚೆ ಕೆಳಗಿನ ಬೀದಿಯ ಬಾಗಿಲಿಗೆ ಬರುತ್ತದೆ.

ಆದ್ಯತೆಗೆ ಒಬ್ಬೊಬ್ಬರಿಗೂ ಐದು ಬೀಜ ಕೊಡಿ, ಬೇಕಾದ ಕೆಲಸದ ಮೇಲೆ ಇಡಲಿ. ಹೆಂಗಸರದ್ದು, ಗಂಡಸರದ್ದು ಬೇರೆ ಬೇರೆ ಎಣಿಸಿ.

ಹಣ ಎಲ್ಲಿಂದ ಎಂದೂ ಬರೆದುಕೊಳ್ಳಿ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ (2021–26) ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಆ ಪಾಲಿನಲ್ಲಿ ಸಮುದಾಯ ಭವನ ಕೇಳಿದರೆ ಸಿಗುತ್ತಿರಲಿಲ್ಲ. ಹೋದ ವರ್ಷದ ಪಟ್ಟಿಗೇ ಹೊಸ ಇಸವಿ ಹಾಕಿ ತರುವವರೂ ಇದ್ದಾರೆ, ಅದನ್ನು ಮುಟ್ಟಬೇಡಿ.

ಪಟ್ಟಿಯನ್ನು ವಾರ್ಡ್ ಸಭೆಗೆ, ಅಲ್ಲಿಂದ ಗ್ರಾಮ ಸಭೆಗೆ ಒಯ್ಯಿರಿ. ನಡಾವಳಿ ಓದಿಸದೆ ಪುಸ್ತಕಕ್ಕೆ ಸಹಿ ಹಾಕಬೇಡಿ. ‘ಚರಂಡಿ ನಿರ್ಮಾಣ’ ಎಂದಷ್ಟೇ ಇದ್ದರೆ ಅದು ಯಾರ ಮನೆ ಮುಂದೆ ಬೇಕಾದರೂ ಹೋಗಬಹುದು. ಯಾವ ಮನೆಯಿಂದ ಯಾವ ಮನೆಯವರೆಗೆ, ಎಷ್ಟು ಮೀಟರ್ ಎಂದು ಬರೆಸಿ, ನಕಲು ಕೇಳಿ ಪಡೆಯಿರಿ.