ಇಪ್ಪತ್ತು ಗ್ರಾಂ ಭಾರಕ್ಕೆ ಒಂದು ಮಳೆಗಾಲ

ಧಾರವಾಡದ ಮಳೆಗಾಲದಲ್ಲಿ ಟೆನಿಸ್ ಆಡುವುದೆಂದರೆ ಎರಡು ಜಡಿಗಳ ನಡುವೆ ಸಿಕ್ಕ ಒಂದೂವರೆ ಗಂಟೆಯಲ್ಲಿ, ಅರೆ ಒಣಗಿದ ಕೋರ್ಟಿನ ಮೇಲೆ, ತೇವ ಹೀರಿ ಉಬ್ಬಿದ ಚೆಂಡಿನೊಂದಿಗೆ ಆಡುವುದು. ನಿಯಮದ ಪ್ರಕಾರ ಚೆಂಡಿನ ತೂಕ 56ರಿಂದ 59.4 ಗ್ರಾಂ ಇರಬೇಕು; ಅಂಥ ಒಂದು ಸಂಜೆ ಆಟ ಮುಗಿಸಿ ಬಂದು ಅಡುಗೆಮನೆಯ ತಕ್ಕಡಿಯ ಮೇಲೆ ಇಟ್ಟಾಗ ನನ್ನ ಚೆಂಡು 64 ಗ್ರಾಂ ತೂಗಿತು. ಹತ್ತು ವರ್ಷ ನಾನು ನೆಚ್ಚಿಕೊಂಡಿದ್ದ 285 ಗ್ರಾಂ ರ‍್ಯಾಕೆಟ್ ಆ ಚೆಂಡಿನ ಎದುರು ಕೈಯಲ್ಲೇ ತಿರುಚಿಕೊಳ್ಳುತ್ತಿತ್ತು, ಅದರಲ್ಲೂ ಗಟ್ಟಿ ಸರ್ವಿಗೆ ರಿಟರ್ನ್ ಕೊಡುವಾಗ ಮತ್ತು ನೆಟ್ ಬಳಿ ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವ ವಾಲಿ ಮಾಡುವಾಗ. ಹೊಡೆತದಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ, ಆದರೆ ಚೆಂಡು ಸರ್ವಿಸ್ ಗೆರೆಯ ಆಸುಪಾಸಿನಲ್ಲೇ ಬಿದ್ದುಬಿಡುತ್ತಿತ್ತು.

ಇನ್ನೂ ಭಾರದ್ದು ಬೇಕು ಅನ್ನಿಸಿದಾಗ ನಾನು ಮಾಡಿದ ಮೊದಲ ಕೆಲಸವೇ ತಪ್ಪಾಯಿತು. ಜೊತೆಗೆ ಆಡುವ ಗೆಳೆಯರೊಬ್ಬರ ಬಳಿ ರೋಜರ್ ಫೆಡರರ್ ಹೆಸರಿನಲ್ಲಿ ಬಂದ ವಿಲ್ಸನ್ ಪ್ರೊ ಸ್ಟಾಫ್ ಇತ್ತು. ಗಟ್ಟಿಂಗ್ (ತಲೆಯಲ್ಲಿ ಹೆಣೆಯುವ ತಂತಿ) ಇಲ್ಲದೆಯೇ 340 ಗ್ರಾಂ ತೂಗುವ, 97 ಚದರ ಅಂಗುಲ ತಲೆಯ ಆ ರ‍್ಯಾಕೆಟನ್ನು ಎರಡು ವಾರದ ಮಟ್ಟಿಗೆ ಕೇಳಿ ಪಡೆದೆ. ಮೊದಲ ಸೆಟ್ಟಿನಲ್ಲಿ ಅದಕ್ಕೆ ಸಮನಾದದ್ದಿಲ್ಲ ಅನ್ನಿಸಿತು. ಎರಡನೆಯ ಸೆಟ್ಟಿನ ನಡುವೆ ಫೋರ್‌ಹ್ಯಾಂಡ್ ತಡವಾಗತೊಡಗಿ, ನೇರ ಹೋಗಬೇಕಾದ ಚೆಂಡುಗಳು ಬಲಗಡೆಯ ಗೆರೆಯಾಚೆ ಜಾರತೊಡಗಿದವು. ಎರಡು ವಾರ ಮುಗಿಯುವ ಹೊತ್ತಿಗೆ ಬಲಭುಜ ನೋಯುತ್ತಿತ್ತು. ಸಾಮಾನ್ಯವಾಗಿ ಆಡುತ್ತಿರುವ ರ‍್ಯಾಕೆಟ್‌ಗಿಂತ ಒಂದೇ ಏಟಿಗೆ ಐವತ್ತೈದು ಗ್ರಾಂ ಮೇಲೇರುವುದು ಅನುಭವದ ಮಾತಲ್ಲ, ಆಸೆಯ ಮಾತು.

ರ‍್ಯಾಕೆಟ್ ಹಿಂದಿರುಗಿಸಿದ ಮೇಲೆ, ಹೊಸದನ್ನು ಕೊಳ್ಳುವ ಮೊದಲು ಹಳೆಯದಕ್ಕೇ ಸೀಸದ ಪಟ್ಟಿ ಅಂಟಿಸಿ ನನಗೆ ಬೇಕಾದ ಭಾರ ಎಷ್ಟು ಮತ್ತು ಎಲ್ಲಿ ಎಂಬುದನ್ನು ಕಂಡುಕೊಳ್ಳಲು ನಿರ್ಧರಿಸಿದೆ. ಕಂಪನಿಯವರು ಮುದ್ರಿಸುವ ತೂಕ ಬಹುಮಟ್ಟಿಗೆ ಗಟ್ಟಿಂಗ್ ಮಾಡದ ಫ್ರೇಮಿನದು. 17 ಗ್ರಾಂ ಗಟ್ಟಿಂಗ್, ಹಿಡಿಯ ಮೇಲೆ ಸುತ್ತುವ 5 ಗ್ರಾಂ ಓವರ್‌ಗ್ರಿಪ್ ಸೇರಿ ನನ್ನ ಕೈಯಲ್ಲಿದ್ದದ್ದು ನಿಜವಾಗಿ 307 ಗ್ರಾಂ. ಅಡಿಪಟ್ಟಿಯ ಅಂಚಿನ ಮೇಲೆ ಅದನ್ನು ತೂಗಿ ನಿಲ್ಲಿಸಿದಾಗ ಸಮತೂಕದ ಬಿಂದು ಹಿಡಿಯ ಬುಡದಿಂದ 33.5 ಸೆಂಟಿಮೀಟರ್ ದೂರದಲ್ಲಿತ್ತು. ರ‍್ಯಾಕೆಟ್ಟಿನ ಉದ್ದ 68.5 ಸೆಂಟಿಮೀಟರ್ ಆದ್ದರಿಂದ ನಟ್ಟನಡು 34.25, ಅಂದರೆ ಭಾರ ಸ್ವಲ್ಪವೇ ಹಿಡಿಯ ಕಡೆಗಿತ್ತು.

ಬೀಸುವಾಗ ಕೈಗೆ ತಿಳಿಯುವ ಭಾರ ಇವೆರಡರಿಂದಲೇ ಗೊತ್ತಾಗುವುದಿಲ್ಲ, ಅದನ್ನು ಆಟಗಾರರು ಸ್ವಿಂಗ್ ವೇಟ್ ಎನ್ನುತ್ತಾರೆ. ಬುಡದಿಂದ 10 ಸೆಂಟಿಮೀಟರ್ ಮೇಲಿನ ಬಿಂದುವನ್ನು ಅಚ್ಚು ಎಂದುಕೊಂಡರೆ, ಅಲ್ಲಿಂದ ಇರುವ ದೂರದ ವರ್ಗಕ್ಕೆ ತಕ್ಕಂತೆ ಪ್ರತಿ ಗ್ರಾಮಿನ ಪರಿಣಾಮ ಏರುತ್ತದೆ. ತಲೆಯ ತುದಿಯಲ್ಲಿ ಅಂಟಿಸಿದ ಒಂದು ಗ್ರಾಂ ಈ ಅಂಕಿಯನ್ನು ಮೂರಕ್ಕಿಂತ ಹೆಚ್ಚು ಏರಿಸಿದರೆ, ತಲೆಯ ಎಡಬಲ ಬದಿಗಳಲ್ಲಿ ಅಂಟಿಸಿದ್ದು ಎರಡಕ್ಕಿಂತ ಕೊಂಚ ಕಡಿಮೆ ಏರಿಸುತ್ತದೆ, ಗ್ರಿಪ್ಪಿನ ಕೆಳಗಿನದು ಏರಿಸುವುದೇ ಇಲ್ಲ ಎನ್ನಬಹುದು. ಅಳೆಯುವ ಯಂತ್ರ ನನ್ನಲ್ಲಿರಲಿಲ್ಲ. ಹಿಡಿಗೆ ಅಡ್ಡಲಾಗಿ ಆ ಬಿಂದುವಿನಲ್ಲಿ ಪೆನ್ಸಿಲ್ ಬಿಗಿದು, ಅದರ ಎರಡು ತುದಿಗಳನ್ನು ಎರಡು ಕುರ್ಚಿಗಳ ಬೆನ್ನಿನ ಮೇಲಿಟ್ಟು, ರ‍್ಯಾಕೆಟನ್ನು ತಲೆಕೆಳಗಾಗಿ ಲೋಲಕದಂತೆ ತೂಗಿಬಿಟ್ಟೆ. ಇಪ್ಪತ್ತು ತೂಗಾಟಕ್ಕೆ 26.1 ಸೆಕೆಂಡ್ ಹಿಡಿಯಿತು. ಪಿಯುಸಿಯ ನಂತರ ಮುಟ್ಟದಿದ್ದ ಸೂತ್ರದಲ್ಲಿ ಅದನ್ನು ಹಾಕಿದಾಗ ಬಂದ ಸ್ವಿಂಗ್ ವೇಟ್ 305 (ಕೆಜಿ-ಚದರ ಸೆಂಟಿಮೀಟರ್ ಲೆಕ್ಕದಲ್ಲಿ).

ಸೀಸದ ತುಣುಕುಗಳ ತೂಕಕ್ಕೆ ಅಡುಗೆಮನೆಯ ತಕ್ಕಡಿ ಸಾಲದು, ಅದು ಅರ್ಧ ಗ್ರಾಂ ತೋರಿಸುವುದಿಲ್ಲ. ಪರಿಚಯದ ಪತ್ತಾರರ ಅಂಗಡಿಗೆ ಒಯ್ದೆ. "ಸೀಸಾ ತೂಗಸಾಕ ಬಂದವ್ರು ನೀವ ಮೊದಲನೇದವ್ರು ನೋಡ್ರಿ, ಸರ" ಎಂದು ನಗುತ್ತಲೇ ಅವರು ಬಂಗಾರದ ತಕ್ಕಡಿಯಲ್ಲಿ ಒಂದೊಂದು ಗ್ರಾಮಿನ ಹದಿನಾಲ್ಕು ತುಣುಕುಗಳನ್ನು ಕತ್ತರಿಸಿಕೊಟ್ಟರು.

ತಲೆಯನ್ನು ಗಡಿಯಾರವೆಂದು ಭಾವಿಸಿದರೆ 3 ಮತ್ತು 9 ಗಂಟೆಯ ಜಾಗದಲ್ಲಿ ತಲಾ ಒಂದು ಗ್ರಾಂ ಅಂಟಿಸಿ ವಾರವಿಡೀ ಆಡಿದೆ, ಮುಂದಿನ ವಾರ ತಲಾ ಎರಡು, ಅದರಾಚೆ ಮೂರು. ಆ ಜಾಗವನ್ನೇ ಆರಿಸಿದ್ದಕ್ಕೆ ಕಾರಣವಿತ್ತು: ಚೆಂಡು ನಡುವಿಗೆ ತಾಗದೆ ಬದಿಗೆ ತಾಗಿದಾಗ ರ‍್ಯಾಕೆಟ್ ತಿರುಚುವುದನ್ನು ಬದಿಯ ಭಾರವೇ ತಡೆಯುತ್ತದೆ, ನನ್ನ ದೂರೂ ಅದೇ ಆಗಿತ್ತು. ಬದಿಯಲ್ಲಿ ಆರು ಗ್ರಾಂ ಆಗುವಷ್ಟರಲ್ಲಿ ವಾಲಿಯಲ್ಲಿ ತಿರುಚುವುದು ನಿಂತಿತು, ಆದರೆ ತಲೆ ತುಸು ಜಗ್ಗಿದಂತೆ ಅನ್ನಿಸತೊಡಗಿತು. ಉಳಿದ ಎಂಟು ಗ್ರಾಮನ್ನು ಗ್ರಿಪ್ ಬಿಚ್ಚಿ ಹಿಡಿಯ ಕೆಳಭಾಗಕ್ಕೆ ಸುತ್ತಿದೆ. ಒಟ್ಟು 321 ಗ್ರಾಂ, ಲೆಕ್ಕದ ಪ್ರಕಾರ ಸ್ವಿಂಗ್ ವೇಟ್ ಸುಮಾರು 316. ಕೈಗೆ ಅದು ಹಿಂದಿನ ವಾರದ 313 ಗ್ರಾಮಿಗಿಂತ ಹಗುರವಾಗಿ ತೋರಿದ್ದು ನನಗೇ ನಂಬಲು ಕಷ್ಟವಾಯಿತು.

ರ‍್ಯಾಕೆಟ್ ಸರಿಹೋದರೂ ಅಭ್ಯಾಸ ಬದಲಾಗದೆ ಕೆಲಸ ನಡೆಯಲಿಲ್ಲ. 2023ರ ಅಕ್ಟೋಬರಿನಲ್ಲಿ ಧಾರವಾಡದ ರಾಜಾಧ್ಯಕ್ಷ ಪೆವಿಲಿಯನ್ನಿನಲ್ಲಿ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ) ಪುರುಷರ ಪಂದ್ಯಾವಳಿ ನಡೆದಾಗ ಬೇಲಿಯ ಬದಿಯಲ್ಲಿ ನಿಂತು ಚೆಂಡನ್ನು ಬಿಟ್ಟು ಆಟಗಾರರ ಭುಜವನ್ನೇ ನೋಡಿದ್ದೆ. ಎದುರಾಳಿಯ ರ‍್ಯಾಕೆಟ್ಟನ್ನು ಚೆಂಡು ಬಿಟ್ಟೊಡನೆ ಅವರ ಭುಜ ತಿರುಗಿರುತ್ತಿತ್ತು. ಹಗುರ ರ‍್ಯಾಕೆಟ್ ಹಿಡಿದವನು ಕೊನೆಯ ಗಳಿಗೆಯಲ್ಲಿ ಮಣಿಕಟ್ಟಿನಿಂದ ಸಂಭಾಳಿಸಿಕೊಳ್ಳುತ್ತಾನೆ, ನಾನೂ ಹಾಗೆಯೇ ಮಾಡುತ್ತಿದ್ದೆ. ಭಾರದ ರ‍್ಯಾಕೆಟ್ ಅದಕ್ಕೆ ಅವಕಾಶ ಕೊಡುವುದಿಲ್ಲ, ಬೇಗ ಹಿಂದಕ್ಕೆ ಒಯ್ದರೆ ಉಳಿದದ್ದನ್ನು ತಾನೇ ಮಾಡುತ್ತದೆ. ಬ್ಯಾಕ್‌ಹ್ಯಾಂಡ್ ಎರಡು ವಾರದಲ್ಲಿ ಹದಕ್ಕೆ ಬಂತು, ಸರ್ವಿಗೆ ತಿಂಗಳೇ ಬೇಕಾಯಿತು. ಮೂರನೆಯ ಸೆಟ್ಟಿನಲ್ಲೂ ಸರ್ವಿನ ಬಿರುಸು ಇಳಿಯದಿದ್ದರೆ ಮಾತ್ರ ಆ ಭಾರ ನಿಮ್ಮದು ಎಂಬುದು ನಾನು ಹಾಕಿಕೊಂಡ ಕಟ್ಟಳೆ.

ಮಳೆ ತಗ್ಗಿದ ಮೇಲೆ 305 ಗ್ರಾಮಿನ ಫ್ರೇಮ್ ಕೊಂಡೆ. ಗಟ್ಟಿಂಗ್, ಓವರ್‌ಗ್ರಿಪ್ ಸೇರಿ 327 ಗ್ರಾಂ, ಸಮತೂಕ 32.5, ಕುರ್ಚಿಗಳ ನಡುವೆ ಇಪ್ಪತ್ತು ತೂಗಾಟಕ್ಕೆ 26.7 ಸೆಕೆಂಡ್, ಅಂದರೆ ಸ್ವಿಂಗ್ ವೇಟ್ ಸುಮಾರು 325. ಮೊದಮೊದಲು ಚೆಂಡು ಗೇಣುದ್ದ ಹೊರಗೆ ಬೀಳುತ್ತಿತ್ತು. ಗಟ್ಟಿಂಗನ್ನು 52ರಿಂದ 54 ಪೌಂಡಿಗೆ ಬಿಗಿಗೊಳಿಸಿದಾಗ ಸರಿಹೋಯಿತು.

ಈ ವರ್ಷ ಅದೇ ಮಾದರಿಯ ಇನ್ನೊಂದನ್ನು ಜೋಡಿಯಾಗಿ ತರಿಸಿದೆ. ಬಣ್ಣ, ಬರಹ ಎಲ್ಲ ಒಂದೇ; ತೂಕದಲ್ಲಿ ನಾಲ್ಕು ಗ್ರಾಂ ಕಡಿಮೆ. ಸೀಸದ ಸುರುಳಿ ಹಿಡಿದು ಮತ್ತೆ ಅಂಗಡಿಯ ಮೆಟ್ಟಿಲು ಹತ್ತಿದಾಗ ಪತ್ತಾರರು ಏನೂ ಕೇಳದೆ ತಕ್ಕಡಿಯನ್ನು ನನ್ನ ಕಡೆಗೆ ಸರಿಸಿದರು.