ಎಪ್ಪತ್ತರ ದಶಕದ ಕನ್ನಡ ಸಿನಿಮಾ: ದೀಪ ಆರಿಸಿ, ಕಿವಿ ತೆರೆದು

ಮೊದಲ ಸಲ ‘ಘಟಶ್ರಾದ್ಧ’ ನೋಡಿದ್ದು ಫೋನಿನಲ್ಲಿ, ಬಸ್ಸಿನಲ್ಲಿ ಕೂತು. ಇಪ್ಪತ್ತು ನಿಮಿಷಕ್ಕೇ ಬಿಟ್ಟುಬಿಟ್ಟೆ. ನಿಧಾನ ಅನ್ನಿಸಿತು, ಕತ್ತಲೆ ಜಾಸ್ತಿ ಅನ್ನಿಸಿತು. ತಪ್ಪು ಸಿನಿಮಾದ್ದಲ್ಲ, ನಾನು ನೋಡಿದ ರೀತಿಯದ್ದು ಅಂತ ಗೊತ್ತಾಗಲು ಎರಡು ವರ್ಷ ಬೇಕಾಯಿತು.

ಈಗ ಭಾನುವಾರ ರಾತ್ರಿ ಊಟ ಮುಗಿದ ಮೇಲೆ ಅಮ್ಮ, ನಾನು, ಕೆಲವು ಸಲ ಪಕ್ಕದ ಮನೆಯವರು ಸೇರಿ ನೋಡುತ್ತೇವೆ. ಗೋಡೆಗೆ ಅಪ್ಪನ ಬಿಳಿ ಪಂಚೆ ಕಟ್ಟುತ್ತೇನೆ, ಸ್ನೇಹಿತನ ಹಳೆಯ ಪ್ರೊಜೆಕ್ಟರ್ ತರುತ್ತೇನೆ. ನಮಗೆ ಸಿಗುವ ಪ್ರಿಂಟುಗಳು ಬಹಳ ಸಲ ಮಸುಕು, ಅದನ್ನು ಸರಿಮಾಡಲು ಆಗುವುದಿಲ್ಲ. ಸದ್ದನ್ನು ಮಾತ್ರ ಸರಿಮಾಡಬಹುದು. ಅದಕ್ಕೇ ಒಂದು ಒಳ್ಳೆಯ ಸ್ಪೀಕರ್ ಕೊಂಡೆ. ಎಲ್ಲ ಬದಲಾಗಿದ್ದು ಅಲ್ಲಿಂದ.

‘ಕಾಡು’ (1973), ‘ಚೋಮನ ದುಡಿ’ (1975), ‘ಘಟಶ್ರಾದ್ಧ’ (1977). ಮೂರಕ್ಕೂ ಸಂಗೀತ ಬಿ.ವಿ. ಕಾರಂತರದ್ದು. ನಾಟಕದಿಂದ ಬಂದವರು ಅವರು. ಸುಮ್ನೆ ಸೀನು ತುಂಬಿಸಲು ವಾದ್ಯ ಬಾರಿಸುವವರಲ್ಲ, ಎಲ್ಲಿ ಸುಮ್ಮನಿರಬೇಕು ಅಂತ ಗೊತ್ತಿದ್ದವರು. ‘ಘಟಶ್ರಾದ್ಧ’ದ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಕೂಡ ಬಂತು. ಆದರೂ ಈ ಸಿನಿಮಾಗಳ ಮಾತು ಬಂದಾಗ ಕಥೆ, ಕಾದಂಬರಿ, ಜಾತಿ ಇಷ್ಟರ ಬಗ್ಗೆಯೇ ಚರ್ಚೆ. ಸದ್ದಿನ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ, ಅದೇ ನನಗೆ ಬೇಜಾರು.

‘ಚೋಮನ ದುಡಿ’ಯನ್ನೇ ತೆಗೆದುಕೊಳ್ಳಿ. ಫೋನಿನ ಪುಟ್ಟ ಸ್ಪೀಕರಿನಲ್ಲಿ ದುಡಿ ಎಂಬ ಚರ್ಮವಾದ್ಯದ ಆಳದ ಸದ್ದು ಬರುವುದೇ ಇಲ್ಲ, ಬರೀ ಟಕಟಕ ಅಂತ ಕೇಳುತ್ತದೆ. ದೊಡ್ಡ ಸ್ಪೀಕರಿನಲ್ಲಿ ಅದು ಎದೆಗೆ ಬಡಿಯುತ್ತದೆ. ಉಳಲು ಒಂದು ತುಂಡು ಭೂಮಿ ಸಿಗದ ಚೋಮ ತನ್ನ ಸಿಟ್ಟು, ದುಃಖ ಎಲ್ಲವನ್ನೂ ಹೇಳುವುದು ಆ ದುಡಿಯಲ್ಲೇ ಅಲ್ವಾ? ಅದು ಕೇಳಿಸದಿದ್ದರೆ ಅವನ ಅರ್ಧ ಮಾತೇ ಕೇಳಿಸಲಿಲ್ಲ ಅಂತ ಅರ್ಥ. ಎಂ.ವಿ. ವಾಸುದೇವರಾವ್ ಅವರಿಗೆ ಈ ಪಾತ್ರಕ್ಕೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು. ಬಾಗಿದ ಆ ಬೆನ್ನು, ದುಡಿಯ ಮೇಲೆ ಓಡುವ ಆ ಕೈ ನೋಡಿದರೆ ಯಾಕೆ ಅಂತ ಯಾರೂ ಹೇಳಿಕೊಡಬೇಕಿಲ್ಲ.

‘ಕಾಡು’ ಚಿತ್ರಕ್ಕೆ ದೀಪ ಪೂರ್ತಿ ಆರಿಸಲೇಬೇಕು. ಹೆಸರು ಹಿಡಿದು ಕರೆಯುವ ಹಕ್ಕಿಯ ಕಥೆ ಆ ಹುಡುಗ ಕಿಟ್ಟಿಯ ತಲೆಯಲ್ಲಿ ಕೂತಿರುತ್ತದೆ. ಹಾಗಾಗಿ ಕಾಡು ಸ್ತಬ್ಧವಾದಾಗಲೆಲ್ಲ ನಮಗೂ ಮೈ ಜುಂ ಅನ್ನುತ್ತದೆ. ಅಮ್ಮ ಆ ರಾತ್ರಿ ನೀರು ಕುಡಿಯಲೂ ಎದ್ದು ಹೋಗಲಿಲ್ಲ.

ಮತ್ತೆ ‘ಘಟಶ್ರಾದ್ಧ’ ಹಾಕಿದಾಗ ಒಂದು ನಿಯಮ ಮಾಡಿಕೊಂಡೆ: ಮಧ್ಯದಲ್ಲಿ ನಿಲ್ಲಿಸುವಂತಿಲ್ಲ. ಜಾತಿಯಿಂದ ಹೊರಹಾಕಿದ ಮೇಲೆ ತಲೆ ಬೋಳಿಸಿಕೊಂಡು ಮರದ ಕೆಳಗೆ ಕೂತ ವಿಧವೆ ಯಮುನಾ, ಅವಳನ್ನು ಬಿಟ್ಟು ಹೋಗಬೇಕಾದ ಪುಟ್ಟ ನಾಣಿ. ಅಮ್ಮ ತುಂಬ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ‘ಬದುಕಿರೋಳಿಗೇ ಶ್ರಾದ್ಧ ಮಾಡಿಬಿಟ್ರಲ್ಲೋ’ ಅಂದರು. ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ ಅದು ಅಂದರೆ ನನಗೆ ಈಗಲೂ ಆಶ್ಚರ್ಯ.

ಹೊಸಬರಿಗೆ ಮಾತ್ರ ನಾನು ಮೊದಲು ಹಾಕುವುದು ‘ಪರಸಂಗದ ಗೆಂಡೆತಿಮ್ಮ’ (1978). ‘ತೇರಾ ಏರಿ ಅಂಬರದಾಗೆ’ ಹಾಡು ಎಲ್ಲರ ಬಾಯಲ್ಲೂ ಇದೆ, ಆದರೆ ಸಿನಿಮಾ ನೋಡಿದವರು ನನಗೆ ಸಿಕ್ಕಿದ್ದೇ ಕಡಿಮೆ. ಹಾಡಿನ ನೆಪದಲ್ಲಿ ಕೂತವರು ಲೋಕೇಶ್ ಅವರ ತಿಮ್ಮನಿಗಾಗಿ ಕೊನೆಯವರೆಗೂ ಕೂರುತ್ತಾರೆ. ‘ಕಾಡು’ ಕಾದಂಬರಿ ಬರೆದ ಶ್ರೀಕೃಷ್ಣ ಆಲನಹಳ್ಳಿಯವರದ್ದೇ ಈ ಕಥೆಯೂ. ಪುಸ್ತಕವನ್ನು ಸಿನಿಮಾ ನೋಡಿದ ಮೇಲೆ ಓದಿ, ಮೊದಲೇ ಓದಿದರೆ ಬರೀ ಹೋಲಿಸುತ್ತಾ ಕೂರುತ್ತೀರಿ.

ಈ ಭಾನುವಾರ ‘ಹಂಸಗೀತೆ’. ಬಾಲಮುರಳಿಕೃಷ್ಣ ಅವರಿಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ತಂದ ಚಿತ್ರ, ಅದಕ್ಕೇ ಪಕ್ಕದ ಮನೆಯವರ ದೊಡ್ಡ ಸ್ಪೀಕರ್ ಈಗಲೇ ಕೇಳಿಟ್ಟಿದ್ದೇನೆ.